ಏಳು ಗಂಟೆಯ ಫೋನು

ಸಂಜೆ ಏಳಾಯಿತೆಂದರೆ ಸಿದ್ದಲಿಂಗಮ್ಮನ ಹೊಟ್ಟೆಗೆ ಕಿಚ್ಚು ಬೀಳುತ್ತಿತ್ತು. ಅರವತ್ತಾರು ವರ್ಷದ ಹೆಂಗಸಿಗೆ, ಮೊಮ್ಮಗಳು ಕಾಲೇಜಿಗೆ ಹೋಗುವ ಕಾಲದಲ್ಲಿ, ಗಂಡನ ವಿಷಯದಲ್ಲಿ ಹೊಟ್ಟೆಕಿಚ್ಚು ಬರುವುದುಂಟೇ ಎಂದು ನೀವು ಕೇಳಬಹುದು. ಬರುತ್ತದೆ ಸ್ವಾಮಿ, ಚೆನ್ನಾಗಿಯೇ ಬರುತ್ತದೆ. ಏಳು ಹೊಡೆಯುತ್ತಲೇ ಅವಳ ಗಂಡ ಚಿಕ್ಕಬಸವಯ್ಯ ಫೋನು ಹಿಡಿದು ಬನ್ನಿಮಂಟಪದ ಆ ಪುಟ್ಟ ಮನೆಯ ಜಗಲಿಯಲ್ಲಿ ಕೂರುತ್ತಿದ್ದ. ಕೂತು, ಒಂಟಿಕೊಪ್ಪಲಿನ ಪದ್ಮಾವತಿ ಟೀಚರ್ ಜೊತೆ ಇಪ್ಪತ್ತು ನಿಮಿಷ ಮಾತಾಡುತ್ತಿದ್ದ. ಮದುವೆಯಾದ ನಲವತ್ತೆರಡು ವರ್ಷದಲ್ಲಿ ಹೆಂಡತಿಯ ಜೊತೆ ಒಂದೇ ಸಲಕ್ಕೆ ಇಪ್ಪತ್ತು ನಿಮಿಷ ಮಾತಾಡಿದ ಪ್ರಾಣಿಯಲ್ಲ ಅದು.

ಮೊದಲು ಆ ಏಳು ಗಂಟೆ ಸಿದ್ದಲಿಂಗಮ್ಮನದಾಗಿತ್ತು. ಚಿಕ್ಕಬಸವಯ್ಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು, ಕುಡಿತ ಹಳೆಯದು. ಕುಡಿದು ಮೋರಿಗೆ ಬಿದ್ದವನನ್ನು ಎತ್ತಿಕೊಂಡು ಬಂದು ಬಂದು ಸಾಕಾಗಿ, ಇಪ್ಪತ್ತು ವರ್ಷದ ಹಿಂದೆ ಅವಳೇ ಒಂದು ಕಟ್ಟುಪಾಡು ಮಾಡಿದ್ದಳು. ಬಾಟಲಿ ತಂದು ಅವಳ ಕೈಗೆ ಕೊಡಬೇಕು. ಅವಳು ಅದನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟು, ಸಂಜೆ ಏಳಕ್ಕೆ ಸ್ಟೀಲ್ ಲೋಟಕ್ಕೆ ತನ್ನ ಕೈಯಾರೆ ಅಳತೆಯಾಗಿ ಹಾಕಿ, ಪಕ್ಕದಲ್ಲಿ ಈರುಳ್ಳಿ ಹಾಕಿದ ಕಡಲೆಬೀಜ ಇಟ್ಟುಕೊಡುತ್ತಿದ್ದಳು. ಅವನು ಎಷ್ಟು ಗೋಗರೆದರೂ ಒಂದು ತೊಟ್ಟು ಹೆಚ್ಚಿಲ್ಲ. ಗಂಡನನ್ನು ಹೇಗೆ ಹಿಡಿತದಲ್ಲಿ ಇಟ್ಟಿದ್ದಾಳೆ ನೋಡಿ ಎಂದು ಬೀದಿಯ ಹೆಂಗಸರೆಲ್ಲ ಹೊಗಳುತ್ತಿದ್ದರು.

ಈ ವರ್ಷ ಯುಗಾದಿ ಹೊತ್ತಿಗೆ ಅವನ ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿತು. ಲಿವರ್ ಕೆಟ್ಟಿದೆ, ಇನ್ನು ಮುಟ್ಟಿದರೆ ಉಳಿಯುವುದಿಲ್ಲ ಎಂದರು ಡಾಕ್ಟರು. ಮೂರು ವಾರ ಚಿಕಿತ್ಸಾ ಕೇಂದ್ರದಲ್ಲಿ ಮಲಗಿಸಿದರು. ಕೈ ನಡುಗುವುದು ನಿಂತ ಮೇಲೆ, ಪ್ರತಿ ಭಾನುವಾರ ನಜರ್‌ಬಾದಿನಲ್ಲಿ ಅರವತ್ತು ದಾಟಿದವರದೇ ಒಂದು ಕೂಟವಿದೆ, ಅಲ್ಲಿಗೆ ತಪ್ಪದೆ ಬನ್ನಿ ಎಂದರು. ಅದನ್ನು ನಡೆಸುವ ಮಾನಸ ಎಂಬ ಹುಡುಗಿ ಇಬ್ಬಿಬ್ಬರನ್ನು ಜೋಡಿ ಮಾಡುತ್ತಿದ್ದಳು. ಆಸೆ ಎದ್ದಾಗ ಮನೆಯವರಿಗೆ ಹೇಳಬೇಡಿ, ಮನೆಯವರ ಹತ್ತಿರ ಜಗಳವಾಗುತ್ತದೆ, ಇಲ್ಲವೇ ಸುಳ್ಳು ಬರುತ್ತದೆ. ಜೊತೆಗಾರರಿಗೆ ಫೋನ್ ಮಾಡಿ ಎನ್ನುವುದು ಅಲ್ಲಿನ ನಿಯಮ. ಚಿಕ್ಕಬಸವಯ್ಯನಿಗೆ ಸಿಕ್ಕಿದ ಜೊತೆ ಈ ಪದ್ಮಾವತಿ. ರಿಟೈರಾದ ಟೀಚರ್, ಗಂಡ ಇಲ್ಲ. ಹದಿನಾರು ವರ್ಷ ನಿದ್ದೆ ಮಾತ್ರೆಯ ಮೇಲೆ ಬದುಕಿ, ಈಗ ಏಳು ತಿಂಗಳಿಂದ ಬಿಟ್ಟವಳು.

ಒಂದು ಭಾನುವಾರ ಮನೆಯವರನ್ನೂ ಕರೆದಿದ್ದರು. ಸಿದ್ದಲಿಂಗಮ್ಮ ರೇಷ್ಮೆಸೀರೆ ಉಟ್ಟು ಹೋದಳು. ಯಾಕೆ ಉಟ್ಟಳು ಎಂದು ಬೇರೆ ಹೇಳಬೇಕೇ! ಪದ್ಮಾವತಿ ಮಾಸಲು ನೀಲಿಯ ಹತ್ತಿ ಸೀರೆಯಲ್ಲಿದ್ದಳು, ತಲೆಯೆಲ್ಲ ಬೆಳ್ಳಗೆ. ನೋಡಿ ಸಿದ್ದಲಿಂಗಮ್ಮನಿಗೆ ಒಂದು ಕ್ಷಣ ಸಮಾಧಾನವಾಯಿತು. ಅಷ್ಟರಲ್ಲಿ ಚಿಕ್ಕಬಸವಯ್ಯ ಎದ್ದು ಪದ್ಮಾವತಿಯ ಕುರ್ಚಿಯನ್ನು ಫ್ಯಾನಿನ ಕೆಳಗೆ ಸರಿಸಿಕೊಟ್ಟ. ತನಗೆ ಜನ್ಮದಲ್ಲಿ ಒಂದು ಮಣೆ ಹಾಕದವನು! ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಮಾನಸ ಒಬ್ಬೊಬ್ಬರನ್ನೇ ಮಾತಾಡಿಸುತ್ತಾ ಬಂದು, ಯಜಮಾನರ ಕುಡಿತ ಮನೆಯಲ್ಲಿ ಹೇಗೆ ನಡೆಯುತ್ತಿತ್ತು ಎಂದು ಇವಳನ್ನು ಕೇಳಿದಳು. ತನ್ನ ಸರದಿಗೇ ಕಾದಿದ್ದ ಸಿದ್ದಲಿಂಗಮ್ಮ ನೆಟ್ಟಗೆ ಕೂತು, ಇಪ್ಪತ್ತು ವರ್ಷ ತನ್ನ ಕೈಯಾರೆ ಅಳೆದು ಕೊಟ್ಟದ್ದನ್ನು, ಅಕ್ಕಿ ಡಬ್ಬವನ್ನು, ಕಡಲೆಬೀಜವನ್ನು, ಒಂದನ್ನೂ ಬಿಡದೆ ಹೇಳಿದಳು. ಹೊಗಳುತ್ತಾರೆ ಅಂದುಕೊಂಡಿದ್ದಳು. ಮಾನಸ ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಪದ್ಮಾವತಿ ಮಾತ್ರ ಮೆಲ್ಲಗೆ, "ಪ್ರೀತಿಯಿಂದಾನೇ ಕೊಟ್ಟಿದೀರ ಬಿಡಿ," ಎಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತನ್ನ ಗಂಡನ ವಿಷಯದಲ್ಲಿ ತನಗೇ ಸಮಾಧಾನ ಹೇಳಲು ಇವಳು ಯಾರು?

ಅಂದಿನಿಂದ ಅವಳು ಕಿಟಕಿಯ ಪಕ್ಕ ನಿಂತು ಕೇಳಿಸಿಕೊಳ್ಳತೊಡಗಿದಳು. ಹೆಚ್ಚಿನಂಶ ಬಿಪಿ ಮಾತ್ರೆ, ಮಂಡಿನೋವು, ಹೂವಿನ ಕುಂಡದ ಮಾತು. ಆದರೆ ಒಂದು ಸಂಜೆ ಅವನು ಹೇಳಿದ್ದು ಕಿವಿಗೆ ಬಿತ್ತು. "ಹೊತ್ತು ಮುಳುಗ್ತು ಅಂದ್ರೆ ಭಯ ಆಯ್ತದೆ ಟೀಚರ್. ಏನಕ್ಕೆ ಅಂತ ಗೊತ್ತಿಲ್ಲ. ಎದೆ ಒಳಗೆ ಯಾರೋ ಶಟರ್ ಎಳ್ದಂಗಾಯ್ತದೆ."

ಭಯ! ನಲವತ್ತೆರಡು ವರ್ಷ ಒಂದೇ ಸೂರಿನಡಿ ಇದ್ದರೂ ಆ ಮನುಷ್ಯನಿಗೆ ಭಯವೆಂಬುದೊಂದು ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ತಾನು ಎಷ್ಟು ಅತ್ತಿದ್ದಳು, ಎಷ್ಟು ಹರಕೆ ಹೊತ್ತಿದ್ದಳು, ಮಕ್ಕಳ ತಲೆ ಮುಟ್ಟಿಸಿ ಆಣೆ ಮಾಡಿಸಿದ್ದಳು. ಯಾವುದಕ್ಕೂ ಬಿಡದವನು ಈ ಮಾತ್ರೆ ನುಂಗುವವಳ ಮಾತಿಗೆ ಬಿಟ್ಟನಲ್ಲ ಎಂದು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅವನು ಬಿಡಬೇಕೆಂದು ಅವಳಿಗೆ ಖಂಡಿತ ಇತ್ತು. ತನಗಾಗಿ ಬಿಡಲಿ ಎಂದಿತ್ತು, ಅಷ್ಟೇ.

ಒಂದು ಗುರುವಾರ ಮಧ್ಯಾಹ್ನ ಚಿಕ್ಕಬಸವಯ್ಯ ಫೋನು ಚಾರ್ಜಿಗೆ ಹಾಕಿ ರೇಷನ್ ಅಂಗಡಿಗೆ ಹೋಗಿದ್ದ. ಫೋನು ಬಡಿದುಕೊಂಡಿತು. ಸಿದ್ದಲಿಂಗಮ್ಮ ಎತ್ತಿ ಕಿವಿಗಿಟ್ಟು ಸುಮ್ಮನಿದ್ದಳು.

"ಬಸವಯ್ಯನವ್ರೇ, ಹಳೇ ಪರ್ಸಲ್ಲಿ ಮಾತ್ರೆ ಸಿಕ್ಬಿಡ್ತು," ಎಂದಿತು ಪದ್ಮಾವತಿಯ ದನಿ, ನಡುಗುತ್ತಾ. "ಪೂರ್ತಿ ಸ್ಟ್ರಿಪ್ ಇದೆ. ಕೈಯಲ್ಲೇ ಹಿಡ್ಕೊಂಡಿದೀನಿ. ಏನಾದ್ರೂ ಮಾತಾಡಿ."

ಸಿದ್ದಲಿಂಗಮ್ಮನಿಗೆ ಅರ್ಥವಾಗಲಿಲ್ಲವೆಂದು ನಾನು ಸುಳ್ಳು ಹೇಳುವುದಿಲ್ಲ. ಚೆನ್ನಾಗಿ ಅರ್ಥವಾಯಿತು. ಆದರೂ ನಾಲಿಗೆಯ ತುದಿಯಲ್ಲಿ ತಿಂಗಳುಗಟ್ಟಲೆ ಕಾದಿದ್ದ ಮಾತು ಹೊರಗೆ ಬಿತ್ತು. "ಅವ್ರಿಲ್ಲ. ಅವ್ರಿಗೂ ನಿಮ್ಮ ಫೋನು ಸಾಕಾಗ್ಬುಟ್ಟದೆ. ಮುಖ ನೋಡಿ ಹೇಳಕ್ಕಾಗ್ದೆ ಸುಮ್ನವ್ರೆ. ಇನ್ಮೇಲೆ ಮಾಡ್ಬೇಡಿ."

"ಹೌದಾ, ಸಾರಿ ಕಣಮ್ಮ," ಎಂದು ಪದ್ಮಾವತಿ ಫೋನು ಇಟ್ಟಳು. ಫೋನ್ ಬಂದದ್ದರ ಗುರುತು ಅಳಿಸುವುದನ್ನು ಮೊಮ್ಮಗಳು ತನ್ಮಯಿ ಹೇಳಿಕೊಟ್ಟಿದ್ದಳು. ಅಳಿಸಿ, ಫೋನು ಮತ್ತೆ ಚಾರ್ಜಿಗೆ ಹಾಕಿ, ಸಿದ್ದಲಿಂಗಮ್ಮ ಸೊಪ್ಪು ಸೋಸಲು ಕೂತಳು.

ಸಂಜೆ ಏಳಕ್ಕೆ ಚಿಕ್ಕಬಸವಯ್ಯ ಫೋನ್ ಮಾಡಿದ. ಸ್ವಿಚ್ ಆಫ್. ಶುಕ್ರವಾರವೂ ಸ್ವಿಚ್ ಆಫ್, ಶನಿವಾರವೂ. ಯಾರೋ ನೆಂಟರ ಮನೆಗೆ ಹೋಗಿರಬೇಕು ಬಿಡಿ ಎಂದಳು ಸಿದ್ದಲಿಂಗಮ್ಮ. ಆ ಮೂರು ಸಂಜೆ ಅವಳು ಬಿಸಿ ಬಜ್ಜಿ ಕರಿದು ಜಗಲಿಗೆ ತಂದು, ಗಂಡನ ಎದುರು ಕೂತು, ಬೀದಿಯ ಸುದ್ದಿಯನ್ನೆಲ್ಲ ಹೇಳಿದಳು. ಅವನು ಹೂಂ, ಹೂಂ ಅನ್ನುತ್ತಿದ್ದ. ಅಷ್ಟಕ್ಕೇ ಅವಳು ಹಿಗ್ಗಿಹೋದಳು. ಕುರ್ಚಿಯ ಕೈ ಮೇಲೆ ಅವನ ಬೆರಳು ಮತ್ತೆ ನಡುಗತೊಡಗಿದ್ದು ಕಂಡಿತು, ಕಂಡರೂ ಕಾಣದವಳಂತೆ ಇನ್ನೊಂದು ಬಜ್ಜಿ ಹಾಕಿದಳು.

ಭಾನುವಾರ ಅವನು ಕೂಟದಿಂದ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಗುರುವಾರ ಪದ್ಮಾವತಿ ಸ್ಟ್ರಿಪ್ಪಿನಲ್ಲಿದ್ದ ಮಾತ್ರೆಯನ್ನೆಲ್ಲ ನುಂಗಿ ಬಚ್ಚಲಲ್ಲಿ ಬಿದ್ದಳಂತೆ. ಪಕ್ಕದ ಮನೆಯವರು ಬಾಗಿಲು ಒಡೆದು ಆಸ್ಪತ್ರೆಗೆ ಸೇರಿಸಿದರಂತೆ. ಜೀವ ಉಳಿದಿದೆ, ಸೊಂಟದ ಮೂಳೆ ಮುರಿದಿದೆ ಎಂದು ಮಾನಸ ಹೇಳಿದಳಂತೆ. ಇಷ್ಟನ್ನು ಹೇಳಿ ಅವನು ಕೈಚೀಲದಿಂದ ಒಂದು ಬಾಟಲಿ ತೆಗೆದು ಹೆಂಡತಿಯ ಕೈಗಿಟ್ಟ.

"ನಂಗೊಂದು ಫೋನ್ ಮಾಡ್ಬೋದಾಗಿತ್ತಲ್ಲ ಅಮ್ಮಿ," ಎಂದ. "ಓದಿರೋ ಯಮ್ಮ, ಅವ್ರೇ ಮಾಡ್ನಿಲ್ಲ ಅಂದ್ಮೇಲೆ ನಂದೇನು ಮಹಾ. ಎಲ್ಲಾ ಬರೀ ಮಾತು. ನೀನೇ ಅಳ್ದು ಕೊಟ್ಬುಡು. ನಿನ್ನಷ್ಟು ನನ್ನ ಯಾರೂ ನೋಡ್ಕಂಡಿಲ್ಲ."

ಈ ಒಂದು ಮಾತಿಗಾಗಿ ಅವಳು ನಲವತ್ತೆರಡು ವರ್ಷ ಕಾದಿದ್ದಳು. ಬಾಟಲಿ ಹಿಡಿದು ಅಡುಗೆಮನೆಗೆ ಹೋದಳು. ಬಾಯಿ ಮುಚ್ಚಿಕೊಂಡಿದ್ದರೆ ಅವನು ತನ್ನವನು, ಆದರೆ ಆರು ತಿಂಗಳೋ ವರ್ಷವೋ, ಅಷ್ಟೇ. ಬಾಯಿ ಬಿಟ್ಟರೆ ಬದುಕಿಯಾನು, ಆದರೆ ತನ್ನ ಮುಖ ನೋಡಲಾರ. ಲೋಟ ತೆಗೆದಳು, ಮತ್ತೆ ಇಟ್ಟಳು.

ಬಾಟಲಿ ಹಿಡಿದೇ ಹೊರಗೆ ಬಂದು, ನಿಂತೇ ಹೇಳಿದಳು. "ಫೋನ್ ಮಾಡಿದ್ರು. ಗುರುವಾರ ಮಧ್ಯಾನ. ನಾನೇ ಎತ್ತಿದ್ದೆ." ಪದ್ಮಾವತಿ ಏನು ಕೇಳಿದಳು, ತಾನು ಏನೆಂದಳು, ಎಲ್ಲವನ್ನೂ ಹೇಳಿದಳು.

ಅವನು ಬೈಯಲಿಲ್ಲ. ಯಾರ ಮನೆಯ ಹೆಂಗಸೋ ಎಂಬಂತೆ ಅವಳನ್ನು ನೋಡಿದ. ಎದ್ದು, ಅವಳ ಕೈಯಿಂದ ಬಾಟಲಿ ಕಿತ್ತುಕೊಂಡು, ಚಪ್ಪಲಿ ಮೆಟ್ಟಿ ಹೊರಟುಹೋದ. ಆಸ್ಪತ್ರೆಗೋ, ಯಾವುದಾದರೂ ಪಾರ್ಕಿನ ಕಲ್ಲುಬೆಂಚಿಗೋ, ಅವಳಿಗೆ ತಿಳಿಯಲಿಲ್ಲ. ಗೇಟಿನ ತನಕ ಓಡಿದಳು.

ಏಳಾಯಿತು, ಏಳೂವರೆಯಾಯಿತು. ಸಿದ್ದಲಿಂಗಮ್ಮ ಅವನ ಕುರ್ಚಿಯಲ್ಲಿ ಕೂತು ತನ್ನ ಫೋನನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಎದೆಯೊಳಗೆ ಏನೋ ಗಡಗಡನೆ ಕೆಳಗಿಳಿದು ಮುಚ್ಚಿಕೊಂಡಂತಾಯಿತು. ಯಾರಿಗೆ ಫೋನ್ ಮಾಡಬೇಕೆಂದು ಯೋಚಿಸಿದಳು. ಒಂದು ಹೆಸರೂ ಹೊಳೆಯಲಿಲ್ಲ. ಎಂಟಕ್ಕೆ ಫೋನು ಬಡಿದುಕೊಂಡಿತು. ಗಂಡನ ನಂಬರು.

"ನಾನು ಪದ್ಮಾವತಿ," ಎಂದಿತು ಬಳಲಿದ ದನಿ. "ಇಲ್ಲೇ ಆಸ್ಪತ್ರೆಗೆ ಬಂದಿದಾರೆ. ಕುಡಿದಿಲ್ಲ. ಬಾಟ್ಲಿ ನರ್ಸ್ ಕೈಗೆ ಕೊಟ್ಬಿಟ್ರು. ನಿಮ್ಮ ಮೇಲೆ ನಂಗೆ ಕೋಪ ಇದೆ ಸಿದ್ದಲಿಂಗಮ್ಮನವ್ರೇ, ಇಲ್ಲ ಅನ್ನಲ್ಲ. ಆದ್ರೆ ಮನೇಲಿ ಒಬ್ರೇ ಕೂತು ಗಾಬರಿಪಡ್ತಾ ಇರ್ತೀರ ಅನ್ನಿಸ್ತು."

ಅವನು ಬದುಕಿದ್ದಾನೆ, ಕುಡಿದಿಲ್ಲ ಎಂದು ಸಿದ್ದಲಿಂಗಮ್ಮನಿಗೆ ಅಳು ಬಂತು. ತನಗೆ ಗಾಬರಿಯಾಗಿದೆಯೆಂದು ಇವಳಿಗೆ ಹೊಳೆಯಿತು, ಅವನಿಗೆ ಹೊಳೆಯಲಿಲ್ಲವಲ್ಲ ಎಂದು ಅದೇ ಅಳುವಿನ ನಡುವೆ ಹೊಟ್ಟೆಯೂ ಉರಿಯಿತು.

"ಇರಿ, ಅವ್ರಿಗೆ ಕೊಡ್ತೀನಿ," ಎಂದಳು ಪದ್ಮಾವತಿ.

"ಬ್ಯಾಡ," ಎಂದಳು ಸಿದ್ದಲಿಂಗಮ್ಮ. "ನೀವೇ ಏನಾದ್ರೂ ಮಾತಾಡಿ."