ಸ್ಟೀರಿಂಗ್ ಹಿಡಿಯದ ಗಂಟೆಗಳು

ಮಗಳ ಕಾಲೇಜಿನ ವೇಳಾಪಟ್ಟಿಯನ್ನು ಬಸ್ ಡ್ರೈವರ್ ಅಪ್ಪ ಬೆರಳಿಟ್ಟು ಎರಡೆರಡು ಸಲ ಎಣಿಸಿದ. ವಾರಕ್ಕೆ ಹದಿನಾರೇ ಗಂಟೆ ಪಾಠ. ಮಿಕ್ಕ ಹೊತ್ತೆಲ್ಲ ಇವಳು ಅಡುಗೆಮನೆಯ ಮೇಜಿನ ತುಂಬ ಪುಸ್ತಕ ಹರಡಿಕೊಂಡು ಕೂತಿರುತ್ತಾಳೆ. ಇದು ಓದೋ, ಕಾಲಹರಣವೋ? ಅನುಮಾನ ಬಂದಮೇಲೆ ಸುಮ್ಮನಿರುವ ಆಸಾಮಿಯಲ್ಲ ಅವನು. ಮಗಳನ್ನು ದಿನಾ ಮಧ್ಯಾಹ್ನ ಎರಡರಿಂದ ಎಂಟರವರೆಗೆ ನಿನ್ನ ಔಷಧಿ ಅಂಗಡಿಗೆ ಕೆಲಸಕ್ಕೆ ಕಳಿಸುತ್ತೇನೆಂದು ತಮ್ಮನಿಗೆ ಮಾತು ಕೊಟ್ಟೇಬಿಟ್ಟ.

ಮಗಳ ಮುಖ ಇಳಿದುಹೋಯಿತು. ಅಂಗಡಿಗೆ ಹೋದರೆ ಮಧ್ಯಾಹ್ನವೇ ನಡೆಯುವ ರಸಾಯನಶಾಸ್ತ್ರದ ಪ್ರಯೋಗಾಲಯ ಬಿಡಬೇಕು. ಅವಳು ಕಾಲೇಜು ಸೇರಿದ್ದೇ ಅದಕ್ಕಾಗಿ. ವಿಷಯ ನೋಂದಾಯಿಸಲು ಮರುದಿನವೇ ಕಡೆಯ ದಿನ. ಪ್ರತಿ ವಿಷಯದ ಮುಂದೆ ಕ್ರೆಡಿಟ್ ಎಂದು ಬರೆದಿದೆ, ಒಟ್ಟು ಇಪ್ಪತ್ತು ಎಂದು ಅರ್ಜಿ ತೋರಿಸಿದಳು. ಇಪ್ಪತ್ತಾದರೂ ಅಷ್ಟೇ, ಇನ್ನೂರಾದರೂ ಅಷ್ಟೇ ಎಂದು ಅಪ್ಪ ಸಹಿ ಹಾಕದೆ ಡ್ಯೂಟಿಗೆ ಹೊರಟ.

ಅವನ ಬಸ್ಸಿನ ಮಹಿಳಾ ಕಂಡಕ್ಟರ್ ದೂರಶಿಕ್ಷಣದಲ್ಲಿ ಪದವಿ ಓದುತ್ತಿದ್ದವಳು. ಕೊನೆಯ ನಿಲ್ದಾಣದಲ್ಲಿ ಬಸ್ಸು ನಿಂತಾಗ ಅವನು ಮಗಳ ಸೋಮಾರಿತನ, ಹದಿನಾರು ಗಂಟೆಯ ಪಾಠ, ಇಪ್ಪತ್ತು ಕ್ರೆಡಿಟ್ಟಿನ ಅರ್ಜಿ ಎಲ್ಲವನ್ನೂ ಅವಳ ಮುಂದೆ ತೋಡಿಕೊಂಡ. ಅವಳು ಟಿಕೆಟ್ ಯಂತ್ರ ಪಕ್ಕಕ್ಕಿಟ್ಟಳು.

“ಅಣ್ಣಾ, ಇವತ್ತು ಸ್ಟೀರಿಂಗ್ ಹಿಡಿಯೋದು ಎಷ್ಟು ಗಂಟೆ?”

“ಐದು.”

“ಡ್ಯೂಟಿ ಬರೆಸೋದು?”

“ಎಂಟು. ಟಯರ್, ಬ್ರೇಕ್ ನೋಡ್ಬೇಕು, ಇಲ್ಲಿ ಕಾಯ್ಬೇಕು, ಡಿಪೋದಲ್ಲಿ ಗಾಡಿ ಒಪ್ಪಿಸ್ಬೇಕು. ಅದನ್ನೂ ಲೆಕ್ಕಕ್ಕೆ ಹಿಡೀಲಿ ಅಂತ ಹನ್ನೊಂದು ದಿನ ಡಿಪೋ ಗೇಟಿನ ಮುಂದೆ ಮುಷ್ಕರ ಕೂತವನು ನಾನು.”

“ಮತ್ತೆ ಮಗಳ ವಿಷಯದಲ್ಲಿ ಸ್ಟೀರಿಂಗ್ ಹಿಡಿದದ್ದನ್ನ ಮಾತ್ರ ಎಣಿಸ್ತಿದ್ದೀರಲ್ಲ?”

ಅವಳು ಬಿಡಿಸಿ ಹೇಳಿದಳು. ತಾನೂ ಅವನ ಮಗಳೂ ಓದುವ ವಿಶ್ವವಿದ್ಯಾಲಯದಲ್ಲಿ ಒಂದು ಕ್ರೆಡಿಟ್ ಎಂದರೆ ಮೂವತ್ತು ಗಂಟೆಯ ದುಡಿಮೆ. ಪಾಠ ಕೇಳುವುದು, ಮನೆಯಲ್ಲಿ ಓದುವುದು, ಪ್ರಯೋಗದ ವರದಿ ಬರೆಯುವುದು, ಪರೀಕ್ಷೆಗೆ ತಯಾರಾಗುವುದು, ಎಲ್ಲ ಅದರೊಳಗೇ. ಇಪ್ಪತ್ತು ಕ್ರೆಡಿಟ್ಟಿಗೆ ಆರುನೂರು ಗಂಟೆ. ಹದಿನೈದು ವಾರದ ಸೆಮಿಸ್ಟರಿಗೆ ಹಂಚಿದರೆ ವಾರಕ್ಕೆ ನಲವತ್ತು.

“ದಿನಕ್ಕೆ ಎಂಟು, ಐದು ದಿನ,” ಎಂದು ಅವನೇ ಗೊಣಗಿದ. “ಅಲ್ಲಿಗೆ ನನ್ನ ಡ್ಯೂಟಿಯಷ್ಟೇ ಆಯ್ತು.”

ನಾಚಿಕೆಯಾಯಿತು ಅವನಿಗೆ. ಅಲ್ಲಿಂದಲೇ ತಮ್ಮನಿಗೆ ಫೋನು ಹಚ್ಚಿ, ಹುಡುಗಿ ಬರುವುದಿಲ್ಲ, ಬೇರೆಯವರನ್ನು ನೋಡಿಕೋ ಎಂದ. ಮನೆಗೆ ಹೋದವನೇ ಅರ್ಜಿ ಕೇಳಿ ತೆಗೆದುಕೊಂಡು ಸಹಿ ಹಾಕಿದ. ಮೇಜಿನ ಮೇಲಿನ ಮಂಕು ಬಲ್ಬು ತೆಗೆದು ಹೊಸದು ಹಾಕಿದ. ಟಿವಿಯ ಸದ್ದನ್ನೂ ತಾನೇ ತಗ್ಗಿಸಿದ. ಮಗಳು ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡಿದಳು.

ಫಲಿತಾಂಶ ಬಂದ ದಿನ ಡ್ರೈವರನ ಕಾಲು ನೆಲದ ಮೇಲಿರಲಿಲ್ಲ. ಬಸ್ಸು ಹೊರಡಿಸುವ ಮೊದಲು ಎದ್ದು ನಿಂತು, ಹಿಂದಿನ ಸೀಟಿನವರೆಗೂ ಕೇಳುವ ಹಾಗೆ ಹೇಳಿದ.

“ಇಪ್ಪತ್ತಕ್ಕೆ ಇಪ್ಪತ್ತು ಕ್ರೆಡಿಟ್ಟೂ ಪಾಸು. ಪ್ರಯೋಗಾಲಯದಲ್ಲಿ ತರಗತಿಗೇ ಮೊದಲು. ನನ್ನ ಮಗಳು ಪೂರ್ತಿ ಡ್ಯೂಟಿ ಮಾಡಿದ್ದಾಳೆ.”

ಇಡೀ ಬಸ್ಸು ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಕಂಡಕ್ಟರ್.

ನಿಮ್ಮ ಮನೆಯಲ್ಲೂ ಓದುವವರಿದ್ದಾರೆಯೇ? ಪಾಠದ ಗಂಟೆ ಮಾತ್ರ ಎಣಿಸಿ ಬೇರೆ ಕೆಲಸಕ್ಕೆ ಹಚ್ಚಬೇಡಿ, ಕ್ರೆಡಿಟ್ ನೋಡಿ. ಒಂದು ಕ್ರೆಡಿಟ್ಟಿಗೆ ಎಷ್ಟು ಗಂಟೆಯ ದುಡಿಮೆ ಎಂಬುದು ಎಲ್ಲ ಕಡೆ ಒಂದೇ ಅಲ್ಲ, ನಿಮ್ಮ ಕಾಲೇಜಿನ ಕಚೇರಿಯಲ್ಲಿ ಕೇಳಿ ತಿಳಿಯಿರಿ. ವಿಷಯ ಆರಿಸುವ ಮೊದಲು ಮನೆಮಂದಿಯೆಲ್ಲ ಕೂತು ಲೆಕ್ಕ ಹಾಕಿ. ಮೇಜಿನ ಮುಂದೆ ಕೂತ ಮಗಳು ಡ್ಯೂಟಿಯಲ್ಲಿದ್ದಾಳೆ. ಬಾಗಿಲು ಮೆಲ್ಲಗೆ ಹಾಕಿಕೊಳ್ಳಿ.