ಇಲ್ಲದ ಅತ್ತೆಯ ಸೊಸೆ

ಇದ್ದ ಮನೆ ಒಂದೇ ದಿನದಲ್ಲಿ ಕೈತಪ್ಪಿಹೋಗಬಹುದು. ಆಯಾಳಿಗೆ ಆದದ್ದು ಹಾಗೆಯೇ. ಹಾಸಿಗೆ ಹಿಡಿದ ಅಜ್ಜಿಯೊಬ್ಬರನ್ನು ನೋಡಿಕೊಳ್ಳುತ್ತ, ಅವರ ಮನೆಯನ್ನೇ ತನ್ನ ಮನೆಯೆಂದುಕೊಂಡು ಅವಳು ವರ್ಷಗಳನ್ನು ಕಳೆದಿದ್ದಳು. ಅಜ್ಜಿ ಕಣ್ಣು ಮುಚ್ಚಿದರು. ಮಕ್ಕಳು ಅತ್ತರು, ಆಯಾಳಿಗೆ ಸಂಬಳ ಕೊಟ್ಟು ಕೈಮುಗಿದರು, ಬಾಗಿಲಿಗೆ ಬೀಗ ಹಾಕಿದರು. ಯಾರದೂ ತಪ್ಪಿಲ್ಲ. ಆದರೆ ತನಗೆ ಹೋಗಲು ಬೇರೆ ಜಾಗವಿಲ್ಲವೆಂಬುದು ಆಯಾಳಿಗೆ ಹೊಳೆದದ್ದು ಆ ಬೀಗದ ಹೊರಗೆ ನಿಂತಾಗಲೇ.

ಅಜ್ಜಿಯನ್ನು ಕರೆತರುತ್ತಿದ್ದ ದೊಡ್ಡಾಸ್ಪತ್ರೆ ಅವಳಿಗೆ ಪರಿಚಿತ. ರೋಗಿಗಳ ಕಡೆಯವರು ಕಾಯುವ ಹಜಾರದಲ್ಲಿ ಒಂದು ಬೆಂಚಿನ ತುದಿ ಹಿಡಿದಳು. ಕೇಳಿದವರಿಗೆಲ್ಲ, “ಅತ್ತೆ ಒಳಗಿದ್ದಾರೆ” ಎಂದಳು. ಕೂತಲ್ಲೇ ನಿದ್ದೆ ಮಾಡಿ ಕಾಲುಗಳು ಊದಿಕೊಂಡವು. ಹಗಲು ಕೆಲಸ ಹುಡುಕಹೊರಟರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ತೂಕಡಿಸುವ ಆಯಾಳನ್ನು ಯಾರು ತಾನೇ ಇಟ್ಟುಕೊಂಡಾರು?

ಒಂದು ಸಂಜೆ ಕಾವಲುಗಾರ ಬಂದು ಸಾರಿದ: “ಇವತ್ತಿಂದ ಪಾಸ್ ಇದ್ದೋರಿಗೆ ಮಾತ್ರ ಇಲ್ಲಿ ಜಾಗ. ಇನ್ನು ಸ್ವಲ್ಪ ಹೊತ್ತಲ್ಲಿ ಬಂದು ಎಲ್ಲರದೂ ನೋಡ್ತೀನಿ.”

ಆಯಾಳ ಬಳಿ ಪಾಸ್ ಎಲ್ಲಿಂದ ಬರಬೇಕು? ಆಸ್ಪತ್ರೆಯ ಲಿಫ್ಟು ನಡೆಸುವವಳು, ಎಲ್ಲರ ಬಾಯಲ್ಲೂ ಲಿಫ್ಟಕ್ಕ, ಅಷ್ಟರಲ್ಲಿ ಪಾಳಿ ಮುಗಿಸಿ ಬಂದು ಪಕ್ಕದಲ್ಲಿ ಕೂತಳು.

“ನಿಮ್ಮತ್ತೆ ಹೇಗಿದ್ದಾರಮ್ಮ?”

“ಪರವಾಗಿಲ್ಲ.”

“ಮೊನ್ನೆ ಕಣ್ಣಿನ ವಾರ್ಡ್ ಅಂದ್ರಿ. ನಿನ್ನೆ ಮೂಳೆ ವಾರ್ಡ್. ಇವತ್ತು ನೋಡಿದ್ರೆ ಹೆರಿಗೆ ವಾರ್ಡ್ ಅಂದ್ರಂತೆ. ಗಟ್ಟಿಗಿತ್ತಿ ಬಿಡಿ ನಿಮ್ಮತ್ತೆ!”

ಆಯಾ ನಕ್ಕಳು. ನಗು ಅರ್ಧದಲ್ಲೇ ಅಳುವಾಯಿತು. “ಅತ್ತೆಯಿಲ್ಲ ಅಕ್ಕಾ. ಮನೇನೂ ಇಲ್ಲ.”

“ಗೊತ್ತು ಕಣೆ. ಊರವರನ್ನೆಲ್ಲ ಮೇಲೆ ಕೆಳಗೆ ಓಡಾಡಿಸ್ತೀನಿ, ನೀನು ಒಂದಿನಾನೂ ಲಿಫ್ಟ್ ಹತ್ತಲಿಲ್ಲ. ಏಳು, ಮಾರ್ಕೆಟ್ ಹಿಂದೆ ಹೆಂಗಸರ ಆಸರೆಮನೆ ಇದೆ.”

“ಅಯ್ಯೋ, ಅಲ್ಲಿಗಾ? ಅದು ಗತಿಗೆಟ್ಟೋರಿಗೆ. ನಾನು ದುಡಿದು ತಿನ್ನೋಳು.”

“ಅಲ್ಲಿರೋರೂ ದುಡಿಯೋರೇ. ಗಂಡ ಹೊರಗೆ ದಬ್ಬಿದ ಟೀಚರಮ್ಮ ಇದ್ದಾಳೆ, ಬಾಡಿಗೆ ಮನೆ ಕಳಕೊಂಡ ಟೈಲರಮ್ಮ ಮಗು ಸಮೇತ ಇದ್ದಾಳೆ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗ್ತಾರೆ.”

“ಕೂಡಿ ಹಾಕಿದ್ರೆ?”

“ಚಿಲಕ ಇರೋದು ಒಳಗಡೆ, ನಮ್ಮ ಕೈಲಿ. ಹೊರಗಿನೋರು ನುಗ್ಗಬಾರದು ಅಂತ.”

“ನನ್ನ ಗುರುತಿನ ಕಾರ್ಡಲ್ಲಿ ಆ ಹಳೇ ಮನೆ ವಿಳಾಸ ಇದೆಯಲ್ಲ?”

“ಮೊದಲು ಊಟ, ನಿದ್ದೆ. ಕಾಗದ ಪತ್ರ ಆಮೇಲೆ, ಅವರೇ ಓಡಾಡಿ ಮಾಡಿಸಿಕೊಡ್ತಾರೆ.”

“ನಿನಗೆ ಹೇಗೆ ಗೊತ್ತು ಇದೆಲ್ಲ?”

“ಈ ಕೆಲಸ ನನಗೆ ಕೊಡಿಸಿದ್ದು ಯಾರು ಅಂದ್ಕೊಂಡೆ? ನಡಿ, ನಡಿ.”

ಆಯಾ ಎದ್ದು ಹಿಂದೆ ನಡೆದಳು.

ಬಾಗಿಲು ತೆರೆದ ಆಸರೆಮನೆಯ ಮೇಲ್ವಿಚಾರಕಿ ಯಾಕೆ ಬಂದಿರೆಂದು ಕೇಳಲಿಲ್ಲ, “ಊಟ ಆಯ್ತಾ?” ಎಂದರು. ಬಿಸಿನೀರು, ಸೋಪು, ಒಗೆದು ಮಡಿಸಿದ ಹೊದಿಕೆ. ಕಿಟಕಿಯ ಬಳಿಯ ಮಂಚವನ್ನು ತೋರಿಸಿದರು. ಆಯಾ ಅದರ ಪಕ್ಕದ ನೆಲವನ್ನು ಸೆರಗಿನಿಂದ ಒರೆಸಿ, ಹೊದಿಕೆ ಹಾಸತೊಡಗಿದಳು. ಮಂಚ ರೋಗಿಯದು, ನೆಲ ತನ್ನದು: ಅವಳ ರೂಢಿಯೇ ಅದು.

“ಈ ಮಂಚದೋರು ಎಲ್ಲಿ? ಔಷಧಿ ಎಷ್ಟು ಹೊತ್ತಿಗೆ ಕೊಡಬೇಕು?”

“ಮಂಚದೋಳು ನೀನೇ ಕಣಮ್ಮ,” ಎಂದರು ಮೇಲ್ವಿಚಾರಕಿ. “ಬೆಳಿಗ್ಗೆ ಡಾಕ್ಟರ್ ಬಂದು ಆ ಕಾಲು ನೋಡ್ತಾರೆ. ಮಲಗು.”

ಆಯಾ ಮಲಗಿದಳು. ಕಾಲು ಚಾಚಿದಳು. ಅವಳ ಮೈಯೆಲ್ಲ ಕೃತಜ್ಞತೆಯಿಂದ ಹಗುರಾಯಿತು.

ನಿದ್ದೆ ಮರಳಿದ ಮೇಲೆ ಕೆಲಸವೂ ಸಿಕ್ಕಿತು. ಈಗ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ದುಡಿಯುತ್ತಾಳೆ. ಜೊತೆಗಾರ್ತಿಯೊಂದಿಗೆ ಒಂದು ಬಾಡಿಗೆ ಕೋಣೆ, ಬಾಗಿಲಿನ ಒಂದು ಕೀಲಿ ಅವಳದೇ. “ನಿನ್ನ ಋಣ ಹೇಗೆ ತೀರಿಸಲಿ?” ಎಂದು ಕೈಹಿಡಿದರೆ ಲಿಫ್ಟಕ್ಕ ಗದರುತ್ತಾಳೆ: “ನನಗೇನೂ ಬೇಡ. ನಿನ್ನ ಹಾಗೆ ಕೂತೋಳು ಕಂಡ್ರೆ ಮಾತಾಡಿಸು, ಸಾಕು.”

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಸೂರಿಲ್ಲದಿರುವುದು ಅಪರಾಧವಲ್ಲ, ಅವಮಾನವೂ ಅಲ್ಲ. ಸಂಜೆಯಾದರೂ ಮನೆಯ ಕಡೆ ಹೆಜ್ಜೆ ಇಡದ ಹೆಣ್ಣುಮಗಳು ಕಂಡರೆ ಪಕ್ಕದಲ್ಲಿ ಕೂತು ವಿಚಾರಿಸಿ. ನಿಮ್ಮ ಊರಿನಲ್ಲಿ ಹೆಂಗಸರ ಆಸರೆಮನೆ ಎಲ್ಲಿದೆ, ಸಹಾಯವಾಣಿ ಯಾವುದು ಎಂದು ಇಂದೇ ಕೇಳಿ ತಿಳಿದಿಡಿ. ಆ ಹೆಣ್ಣುಮಗಳು ನೀವೇ ಆಗಿದ್ದರೆ, ಹೋಗಿ ಬಾಗಿಲು ತಟ್ಟಿ. ಕತ್ತಲಾಗುವವರೆಗೆ ಕಾಯಬೇಡಿ.