ತಿರುಗಿಸದ ಮೊಟ್ಟೆ

ಮಗು ನಡೆಯುವವರೆಗೂ ಗಂಡಸರು ಅದನ್ನು ಎತ್ತಿಕೊಳ್ಳಬಾರದು ಎಂಬುದು ಆ ಮನೆಯಲ್ಲಿ ಯಾರೂ ಮೀರದ ಕಟ್ಟಳೆ. ಗಂಡಸಿನ ಕೈ ಒರಟಂತೆ! ಮೊಟ್ಟೆಗೆ ಕಾವು ಕೊಟ್ಟು ಕೋಳಿಮರಿ ಮಾಡಿಸುವ ಹ್ಯಾಚರಿಯಲ್ಲಿ ದಿನಕ್ಕೆ ಸಾವಿರಾರು ಮೊಟ್ಟೆಗಳನ್ನು ದೀಪಕ್ಕೆ ಹಿಡಿದು, ಒಳಗೆ ಜೀವವಿದೆಯೇ ಎಂದು ನೋಡಿ, ಒಂದಕ್ಕೂ ಬಿರುಕು ಬೀಳದಂತೆ ತಟ್ಟೆಗಿಡುತ್ತಿದ್ದವನ ಕೈ ಒರಟಂತೆ. ಜೊತೆಯವರು ಅವನನ್ನು ಮೊಟ್ಟೆರಾಯ ಎಂದೇ ಕರೆಯುತ್ತಿದ್ದರು.

ಹೆರಿಗೆಯ ನಂತರ ಕಾಯಿಲೆ ಬಿದ್ದ ಅವನ ಹೆಂಡತಿ ಎರಡು ತಿಂಗಳಿಂದ ಆಸ್ಪತ್ರೆಯಲ್ಲಿದ್ದಳು. ನಾಲ್ಕು ತಿಂಗಳ ಮಗಳನ್ನು ಅವನ ತಾಯಿ ನೋಡಿಕೊಳ್ಳುತ್ತಿದ್ದಳು. ಹೊತ್ತುಹೊತ್ತಿಗೆ ಹಾಲು, ಒಣ ಬಟ್ಟೆ, ಮತ್ತೆ ತೊಟ್ಟಿಲು. ಎತ್ತಿಕೊಂಡರೆ ರೂಢಿಯಾಗುತ್ತದೆ ಎಂದು ಅವಳೂ ಎತ್ತಿಕೊಳ್ಳುತ್ತಿರಲಿಲ್ಲ. ಮೊದಲು ಮನೆ ಹಾರಿಹೋಗುವಂತೆ ಅಳುತ್ತಿದ್ದ ಕೂಸು ಈಗ ಅಳುವುದನ್ನೇ ಬಿಟ್ಟಿತ್ತು.

“ಎಷ್ಟು ಜಾಣೆ ನೋಡಿ, ತುಟಿಪಿಟಿಕ್ಕೆನ್ನಲ್ಲ,” ಎಂದು ತಾಯಿ ನೆರೆಯವರೆದುರು ಹಿಗ್ಗುತ್ತಿದ್ದಳು.

ಅವನು ಮಾತ್ರ ಹಿಗ್ಗಲಿಲ್ಲ. ತೊಟ್ಟಿಲ ಮೇಲೆ ಬಗ್ಗಿದರೆ ಮಗುವಿನ ಕಣ್ಣು ಅವನ ಮುಖವನ್ನು ದಾಟಿ ಗೋಡೆಗೆ ಹೋಗುತ್ತಿತ್ತು.

ಲಸಿಕೆ ಹಾಕಲು ನರ್ಸಮ್ಮ ಬಂದಳು. ಸೂಜಿ ಚುಚ್ಚಿದರೂ ಮಗು ಮುಖ ಕಿವುಚಿತೇ ಹೊರತು ಅಳಲಿಲ್ಲ. ನರ್ಸಮ್ಮ ಸೂಜಿ ಬದಿಗಿಟ್ಟಳು. ಕಣ್ಣು, ಕಿವಿ ಎಲ್ಲವನ್ನೂ ಪರೀಕ್ಷಿಸಿದಳು.

“ಕಣ್ಣು, ಕಿವಿ ಸರಿಯಾಗಿವೆ. ಕೂಗಿದ್ರೂ ಯಾರೂ ಬರಲ್ಲ ಅಂತ ಇದಕ್ಕೆ ಗೊತ್ತಾಗ್ಬಿಟ್ಟಿದೆ. ಬರೀ ಹಾಲಿಂದ ಮೆದುಳು ಬೆಳೆಯಲ್ಲ. ಯಾರಾದ್ರೂ ಎತ್ಕೋಬೇಕು, ಮಾತಾಡಿಸ್ಬೇಕು, ನಗಿಸ್ಬೇಕು. ಅಪ್ಪ ನೀವಿದ್ದೀರಲ್ಲ?”

“ಹೀಗೇ ಬಿಟ್ರೆ?”

“ಮಾತು, ನಗು, ಕಲಿಕೆ ಎಲ್ಲಾ ಹಿಂದೆ ಬೀಳಬಹುದು. ಇನ್ನೂ ಹೊತ್ತು ಮೀರಿಲ್ಲ.”

ಅವನಿಗೆ ಆ ತಟ್ಟೆಗಳು ನೆನಪಾದವು. ಹಿಂದಿನ ತಿಂಗಳು ಹ್ಯಾಚರಿಯಲ್ಲಿ ಮೊಟ್ಟೆ ತಿರುಗಿಸುವ ಮೋಟಾರು ಕೆಟ್ಟಿತ್ತು. ಕಾವು ಸರಿಯಾಗಿಯೇ ಇತ್ತು. ಆದರೂ ತಿರುಗಿಸದ ಮೊಟ್ಟೆಗಳಲ್ಲಿ ಮರಿಗಳು ಚಿಪ್ಪಿಗಂಟಿ ಸತ್ತಿದ್ದವು. ಅವನ್ನು ಬುಟ್ಟಿಗೆ ಸುರಿದವನು ಅವನೇ.

ಅವನು ತೊಟ್ಟಿಲಿಗೆ ಕೈಯಿಟ್ಟ.

“ಏಯ್, ಬಿಡೋ! ನಿಮ್ಮಪ್ಪ ನಿನ್ನ ಒಂದು ದಿನಾನೂ ಮುಟ್ಟಿದವರಲ್ಲ. ನೀನೇನು ಬೆಳೀಲಿಲ್ವಾ?” ತಾಯಿ ಅಡ್ಡ ಬಂದಳು.

“ಬೆಳೆದೆ ಅಮ್ಮ. ಅಪ್ಪ ಸಾಯುವಾಗಲೂ ಅವರ ಕೈ ಹಿಡ್ಕೊಳ್ಳೋಕೆ ನಂಗೆ ಧೈರ್ಯ ಬರ್ಲಿಲ್ಲ. ಈ ಕಟ್ಟಳೆ ನನಗೇ ಮುಗೀಲಿ.”

ಎತ್ತಿಕೊಂಡ. ಮಗು ಮರದ ತುಂಡಿನಂತೆ ಬಿಗಿದುಕೊಂಡಿತು. ಏನು ಮಾತಾಡುವುದೆಂದು ತಿಳಿಯದೆ ಮೊಟ್ಟೆಗಳ ಸುದ್ದಿಯನ್ನೇ ಹೇಳಿದ. ಕೆಲಸಕ್ಕೆ ಹೋಗುವ ಮುಂಚೆ, ಬಂದ ಮೇಲೆ, ದಿನವೂ ಅದೇ. ಎಂಟು ದಿನ ಆ ಕಣ್ಣು ಗೋಡೆಯನ್ನೇ ನೋಡಿತು. ಹೊತ್ತು ಮೀರಿಯೇ ಹೋಯಿತೇನೋ ಎಂಬ ಹೆದರಿಕೆಗೆ ಅವನಿಗೆ ಅನ್ನ ಸೇರಲಿಲ್ಲ.

ಒಂಬತ್ತನೆಯ ಬೆಳಿಗ್ಗೆ ಮಗುವನ್ನು ತೊಟ್ಟಿಲಲ್ಲಿಟ್ಟು ಚಪ್ಪಲಿ ಮೆಟ್ಟುತ್ತಿದ್ದ. ಒಳಗಿನಿಂದ ಮನೆ ಹಾರಿಹೋಗುವಂಥ ಅಳು ಕೇಳಿಸಿತು.

“ನೋಡು! ರೂಢಿ ಮಾಡಿ ಕೆಡಿಸ್ಬಿಟ್ಟೆ,” ಎಂದು ತಾಯಿ ಹಣೆ ಚಚ್ಚಿಕೊಂಡಳು.

ಅವನು ಒಂದೇ ಚಪ್ಪಲಿಯಲ್ಲಿ ಒಳಗೋಡಿದ.

“ಅಳ್ಲಿ ಬಿಡಮ್ಮ. ನನ್ನನ್ನ ಕರೀತಿದೆ.”

ಬಗ್ಗಿದ. ನೀರು ತುಂಬಿದ ಆ ಕಣ್ಣುಗಳು ಅವನ ಮುಖವನ್ನು ಹುಡುಕಿ, ಅಲ್ಲೇ ನಿಂತವು.